ಕಿಟ್ಟದ ಕೆಳಗಿನ ಅಕ್ಷರಗಳು: ಹಳೆ ಬೀಡಿನ ಬಾಣಲೆಯನ್ನು ಗುರುತಿಸಿ, ತೊಳೆದು, ಪಳಗಿಸುವ ಬಗೆ

ಅಮೆರಿಕದ ಓಹಾಯೋದಲ್ಲಿ ನಮ್ಮ ಮನೆಯ ಹತ್ತಿರ ಒಂದು ಚರ್ಚ್ ಇದೆ. ಬೇಸಿಗೆಯಲ್ಲಿ ಅದರ ಅಂಗಳದಲ್ಲಿ ಹಳೆ ಸಾಮಾನು ಮಾರುತ್ತಾರೆ. ಎರಡು ವರ್ಷದ ಹಿಂದೆ ಅಲ್ಲಿ ಒಂದು ರಟ್ಟಿನ ಪೆಟ್ಟಿಗೆಯ ತಳದಲ್ಲಿ, ಸುತ್ತಿಗೆ ಬೀಗಗಳ ನಡುವೆ, ಒಂದು ಕಬ್ಬಿಣದ ಬಾಣಲೆ ಕಂಡಿತು. ಹೊರಗೋಡೆಯ ಮೇಲೆ ಡಾಂಬರು ಬಳಿದಷ್ಟು ದಪ್ಪ ಕಿಟ್ಟ. ಒಳಗೆ ಕಿತ್ತಳೆ ಬಣ್ಣದ ತುಕ್ಕು. ತಳದಲ್ಲಿ ಏನೂ ಓದಲಾಗುತ್ತಿರಲಿಲ್ಲ. ಹಿಡಿಯ ಮೇಲೆ ಕೈಯಾಡಿಸಿದಾಗ ಬೆರಳಿಗೆ ಒಂದು ಅಂಕಿ ಮಾತ್ರ ತಿಳಿಯಿತು: 8. ಹತ್ತು ಡಾಲರ್ ಕೊಟ್ಟು ಮನೆಗೆ ತೆಗೆದುಕೊಂಡು ಬಂದೆ.

ಅದಕ್ಕೂ ಮುಂಚೆ ಒಂದು ಬಾಣಲೆಯನ್ನು ನಾನೇ ಕೈಯಾರೆ ಕೆಡಿಸಿದ್ದೆ. ಆ ಬೇಸರ ಇನ್ನೂ ಇದೆ. ಹಾಗಾಗಿ ಈ ಸಲ ಮೊದಲು ಕಲಿತು, ಆಮೇಲೆ ಕೈ ಹಾಕೋಣ ಅಂದುಕೊಂಡೆ. ಕಲಿತದ್ದರಲ್ಲಿ ಮುಖ್ಯವಾದದ್ದು ಇಷ್ಟೇ. ಹಳೆ ಬಾಣಲೆಯ ಮೇಲೆ ಕೂತಿರುವುದು ಜಿಡ್ಡೋ ತುಕ್ಕೋ ಅನ್ನುವುದನ್ನು ಮೊದಲು ನೋಡಬೇಕು. ಎರಡಕ್ಕೂ ಮದ್ದು ಬೇರೆ. ಕೆಳಗಿರುವ ಕಬ್ಬಿಣವನ್ನು ಮಾತ್ರ ಮುಟ್ಟಬಾರದು.

ಬೀಡು ಅಂದರೆ

ಇಲ್ಲಿನವರು ಸ್ಕಿಲೆಟ್ ಅನ್ನುವ ಪಾತ್ರೆ ಹೇಗಿರುತ್ತದೆ ಅಂದರೆ, ನಮ್ಮ ದೋಸೆ ಕಾವಲಿಗೆ ಮೂರು ಬೆರಳು ಎತ್ತರದ ಗೋಡೆ ಕಟ್ಟಿ, ಒಂದು ಗಟ್ಟಿ ಹಿಡಿ ಕೊಟ್ಟ ಹಾಗೆ. ಗೋಡೆ, ತಳ, ಹಿಡಿ ಎಲ್ಲ ಒಂದೇ ಎರಕ. ಎಲ್ಲೂ ಬೆಸುಗೆ ಇಲ್ಲ, ರಿವೆಟ್ ಇಲ್ಲ. ನಮ್ಮ ಕಡೆ ತಗಡಿನ ಕಾವಲಿ, ಬೀಡಿನ ಕಾವಲಿ ಅಂತ ಎರಡು ಬಗೆ ಇರುತ್ತದಲ್ವಾ? ಇದು ಎರಡನೆಯ ಜಾತಿ.

ಕಬ್ಬಿಣದಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲ ಸೇರಿದ್ದರೆ ಅದು ಬೀಡು. ಇಂಗಾಲ ಸೇರಿದಾಗ ಕಬ್ಬಿಣ ಬೇಗ ಕರಗುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಬೀಡಿಗೆ 1150ರಿಂದ 1200 ಡಿಗ್ರಿ ಸಾಕು. ಅದಕ್ಕೇ ಅದನ್ನು ನೀರಿನ ಹಾಗೆ ಮರಳಿನ ಅಚ್ಚಿಗೆ ಹೊಯ್ಯಬಹುದು, ತೆಳುವಾದ ಗೋಡೆಯನ್ನೂ ಅಕ್ಷರಗಳನ್ನೂ ಮೂಡಿಸಬಹುದು. ಆದರೆ ತಣ್ಣಗಾಗುವಾಗ ಆ ಇಂಗಾಲ ಕಬ್ಬಿಣದೊಳಗೆ ಸಣ್ಣ ಸಣ್ಣ ಗ್ರಾಫೈಟ್ ಚಕ್ಕೆಗಳಾಗಿ ಕೂರುತ್ತದೆ. ಬಿರುಕು ಓಡಲು ಆ ಚಕ್ಕೆಗಳೇ ದಾರಿ. ಹಾಗಾಗಿ ಬೀಡು ಬಗ್ಗುವುದಿಲ್ಲ, ಒಡೆಯುತ್ತದೆ. ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದರೆ ಹಿಡಿ ಮುರಿದೇ ಹೋಗಬಹುದು. ಕಾದ ಬಾಣಲೆಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು.

ಇನ್ನೊಂದು ಗುಣ. ಬೀಡು ಶಾಖವನ್ನು ಬೇಗ ಹರಡುವುದಿಲ್ಲ. ತಾಮ್ರ ಇದಕ್ಕಿಂತ ಏಳೆಂಟು ಪಟ್ಟು ಚೆನ್ನಾಗಿ ಹರಡುತ್ತದೆ. ಆದರೆ ಬೀಡು ಒಮ್ಮೆ ಕಾದರೆ ಆ ಬಿಸಿಯನ್ನು ಬಿಟ್ಟುಕೊಡುವುದಿಲ್ಲ. ತಣ್ಣನೆ ಹಿಟ್ಟು ಬಿದ್ದರೂ ಕಾವು ಕುಸಿಯುವುದಿಲ್ಲ. ದೋಸೆಗೆ, ರೊಟ್ಟಿಗೆ ಬೇಕಾದ ಗುಣ ಇದೇ.

ಬಾಣಲೆಯನ್ನು ಓದುವುದು

ಅಮೆರಿಕದಲ್ಲಿ ಹಳೆ ಬೀಡಿನ ಪಾತ್ರೆ ಅಂದ ಕೂಡಲೇ ಮೂರು ಊರಿನ ಹೆಸರು ಬರುತ್ತದೆ. ಪೆನ್ಸಿಲ್ವೇನಿಯಾದ ಈರಿ, ಓಹಾಯೋದ ಸಿಡ್ನಿ, ಟೆನೆಸ್ಸಿಯ ಸೌತ್ ಪಿಟ್ಸ್‌ಬರ್ಗ್.

ಈರಿ ಊರಿನದು ಗ್ರಿಸ್‌ವೋಲ್ಡ್. ಈ ಕಂಪನಿ 1865ರಲ್ಲಿ ಸೆಲ್ಡನ್ ಮತ್ತು ಗ್ರಿಸ್‌ವೋಲ್ಡ್ ಅನ್ನುವ ಹೆಸರಲ್ಲಿ ಶುರುವಾಯಿತು. ಬಾಗಿಲಿನ ಕೀಲುಗಳಂಥ ಸಾಮಾನು ಮಾಡುತ್ತಿದ್ದವರು ಅವರು. ಪಾತ್ರೆಗಳು ಆಮೇಲೆ ಬಂದವು. ಆರಂಭದ ಬಾಣಲೆಗಳ ತಳದಲ್ಲಿ ಕಂಪನಿಯ ಹೆಸರೇ ಇರುತ್ತಿರಲಿಲ್ಲ, 'ಈರಿ' ಅಂತ ಊರಿನ ಹೆಸರು ಮಾತ್ರ. ಮುಂದೆ ಒಂದರೊಳಗೊಂದು ಎರಡು ವೃತ್ತ, ನಡುವೆ ಶಿಲುಬೆ, ಅದರಲ್ಲಿ ಗ್ರಿಸ್‌ವೋಲ್ಡ್ ಅನ್ನುವ ಹೆಸರು ಬಂತು. ಮೊದಲು ಅಕ್ಷರಗಳು ಓರೆಯಾಗಿದ್ದವು. ಸುಮಾರು 1920ರಿಂದ 1940ರವರೆಗೆ ದೊಡ್ಡ ನೇರ ಅಕ್ಷರದ ಮುದ್ರೆ. ಅಲ್ಲಿಂದ 1957ರವರೆಗೆ ಅದೇ ಮುದ್ರೆ, ಚಿಕ್ಕದಾಗಿ. 1957ರಲ್ಲಿ ಈರಿಯ ಕಾರ್ಖಾನೆ ಮುಚ್ಚಿತು. ಆಮೇಲೆ ಆ ಹೆಸರು ಅದರ ಎದುರಾಳಿ ವ್ಯಾಗ್ನರ್‌ನ ಒಡೆಯರ ಕೈಗೇ ಹೋಯಿತು. ಹಾಗಾಗಿ ಗ್ರಿಸ್‌ವೋಲ್ಡ್ ಅಂತ ಇದ್ದು, ಈರಿ ಅಂತ ಇಲ್ಲದಿದ್ದರೆ, ಅದು ಈರಿಯಲ್ಲಿ ಹುಟ್ಟಿದ್ದಲ್ಲದೆ ಇರಬಹುದು.

ವ್ಯಾಗ್ನರ್ ಸಿಡ್ನಿ ಊರಿನದು, ಶುರುವಾದದ್ದು 1891ರಲ್ಲಿ, ವ್ಯಾಗ್ನರ್ ಅಣ್ಣತಮ್ಮಂದಿರಿಂದ. ಅವರ ಬಾಣಲೆಯ ತಳದಲ್ಲಿ 'ವ್ಯಾಗ್ನರ್ ವೇರ್', ಅದರ ಕೆಳಗೆ 'ಸಿಡ್ನಿ', ಅದರ ಕೆಳಗೆ ಎರಡು ಅಡ್ಡಗೆರೆಗಳ ನಡುವೆ ಒಂದು 'ಓ'. ಆ ಓ ಅಂದರೆ ಓಹಾಯೋ. ವ್ಯಾಗ್ನರ್ ಮತ್ತು ವೇರ್ ಎರಡೂ ಇಂಗ್ಲಿಷಿನಲ್ಲಿ ಒಂದೇ ಅಕ್ಷರದಿಂದ ಶುರುವಾಗುತ್ತವೆ. ಈ ಮುದ್ರೆಯಲ್ಲಿ ಎರಡಕ್ಕೂ ಸೇರಿ ಆ ಅಕ್ಷರವನ್ನು ಒಂದೇ ಸಲ ದೊಡ್ಡದಾಗಿ ಬರೆದಿರುತ್ತಾರೆ. 1920ರ ದಶಕದಿಂದ 1950ರ ದಶಕದ ಕೊನೆಯವರೆಗೆ ಇದೇ ಮುದ್ರೆ ನಡೆಯಿತು.

ಇಲ್ಲಿ ಬಹಳ ಜನ ಮೋಸ ಹೋಗುವ ಒಂದು ಬಾಣಲೆ ಇದೆ. ತಳದಲ್ಲಿ ವ್ಯಾಗ್ನರ್ ಹೆಸರು, ದೊಡ್ಡದಾಗಿ 1891 ಅನ್ನುವ ಇಸವಿ, ಜೊತೆಗೆ ಹೇಗೆ ಪಳಗಿಸಬೇಕು ಅಂತ ಪುಟ್ಟ ಅಕ್ಷರದ ಸೂಚನೆ. ನೋಡಿದವರು ನೂರಮೂವತ್ತು ವರ್ಷ ಹಳೆಯದು ಅಂದುಕೊಳ್ಳುತ್ತಾರೆ. ಅದು ಕಂಪನಿಯ ನೂರನೇ ವರ್ಷದ ನೆನಪಿಗೆ 1991ರಲ್ಲಿ ಹೊರಬಂದ ಸರಣಿ. ಅಡುಗೆಗೆ ಒಳ್ಳೆಯ ಬಾಣಲೆಯೇ. ಹಳೆಯದು ಅಂತ ಜಾಸ್ತಿ ದುಡ್ಡು ಕೊಡಬೇಡಿ, ಅಷ್ಟೇ.

ಸೌತ್ ಪಿಟ್ಸ್‌ಬರ್ಗ್‌ನ ಲಾಡ್ಜ್ ಇವತ್ತಿಗೂ ಅಲ್ಲೇ ಎರಕ ಹೊಯ್ಯುತ್ತಿದೆ. ಜೋಸೆಫ್ ಲಾಡ್ಜ್ 1896ರಲ್ಲಿ ಬ್ಲ್ಯಾಕ್‌ಲಾಕ್ ಅನ್ನುವ ಹೆಸರಲ್ಲಿ ಫೌಂಡ್ರಿ ತೆರೆದರು. 1910ರಲ್ಲಿ ಅದು ಸುಟ್ಟುಹೋಯಿತು. ಅದೇ ವರ್ಷ ಲಾಡ್ಜ್ ಹೆಸರಲ್ಲಿ ಮತ್ತೆ ಎದ್ದಿತು. ಹಳೆ ಲಾಡ್ಜ್ ಬಾಣಲೆಗಳಲ್ಲಿ ಎಷ್ಟೋ ಸಲ ಹೆಸರೇ ಇರುವುದಿಲ್ಲ. ತಳದ ಅಂಚಿನಲ್ಲಿ ಬಳೆಯಂಥ ಒಂದು ಏಣು ಇದ್ದು, ಅದು ಮೂರು ಕಡೆ ತುಂಡಾಗಿದ್ದರೆ ಲಾಡ್ಜ್ ಅಂತ ಊಹಿಸಬಹುದು.

ಆ ಬಳೆ ಯಾಕೆ? ಆಗಿನ ಅಡುಗೆಮನೆಗಳಲ್ಲಿ ಕಬ್ಬಿಣದ ಸೌದೆ ಒಲೆ ಇರುತ್ತಿತ್ತು. ಅದರ ಮೇಲ್ಭಾಗದಲ್ಲಿ ದುಂಡು ಕಂಡಿಗಳು, ಅವಕ್ಕೆ ಮುಚ್ಚಳ. ಮುಚ್ಚಳ ತೆಗೆದು ಬಾಣಲೆ ಇಟ್ಟರೆ ತಳದ ಬಳೆ ಕಂಡಿಯೊಳಗೆ ಸರಿಯಾಗಿ ಕೂರುತ್ತಿತ್ತು, ಹೊಗೆ ಮೇಲೆ ಬರುತ್ತಿರಲಿಲ್ಲ. ಹಿಡಿಯ ಮೇಲಿನ ಅಂಕಿಯ ಗುಟ್ಟೂ ಇಲ್ಲೇ ಇದೆ. ನನ್ನ ಬಾಣಲೆಯ 8 ಅಂದರೆ ಎಂಟು ಇಂಚು ಅಲ್ಲ. ಎಂಟನೇ ನಂಬರಿನ ಕಂಡಿಗೆ ಹೊಂದುವ ಬಾಣಲೆ ಅಂತ. ಮೇಲಿನ ಅಗಲ ಅಳೆದರೆ ಹತ್ತೂವರೆ ಇಂಚು ಬರುತ್ತದೆ. ಮೂರನೇ ನಂಬರು ಸುಮಾರು ಆರೂವರೆ ಇಂಚು. ಗ್ಯಾಸ್ ಮತ್ತು ಕರೆಂಟ್ ಒಲೆ ಬಂದ ಮೇಲೆ ಬಳೆಗೆ ಕೆಲಸ ಇಲ್ಲವಾಯಿತು. ತಳ ನುಣ್ಣಗಾಯಿತು. ಅಂಕಿ ಮಾತ್ರ ಉಳಿದುಕೊಂಡಿತು.

ಹೆಸರೇ ಇಲ್ಲದ ಬಾಣಲೆಯ ತಳದ ನಡುವೆ ಒಂದು ಉದ್ದನೆಯ ಗಾಯದಂಥ ಗೆರೆ ಕಂಡರೆ ಖುಷಿಪಡಿ. ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ದ ಬಾಯಿಯ ಗುರುತು ಅದು. ತಣ್ಣಗಾದ ಮೇಲೆ ಅಲ್ಲಿ ಮುರಿದು ಉಜ್ಜಿರುತ್ತಾರೆ. ತಳದಿಂದ ಹೊಯ್ಯುವ ಆ ಪದ್ಧತಿ 1890ರ ಹೊತ್ತಿಗೆ ಹೆಚ್ಚುಕಮ್ಮಿ ನಿಂತುಹೋಯಿತು. ಹಾಗಾಗಿ ಅಂಥ ಗೆರೆ ಇದ್ದರೆ ಸಾಮಾನ್ಯವಾಗಿ ಹತ್ತೊಂಬತ್ತನೇ ಶತಮಾನದ ಪಾತ್ರೆ. ಇನ್ನೊಂದು ಕಡೆಯಿಂದ, ಅಮೆರಿಕದಲ್ಲಿ ತಯಾರಾದದ್ದು ಅಂತ ತಳದಲ್ಲಿ ದೇಶದ ಹೆಸರು ಬರೆದಿದ್ದರೆ ಬಹುಪಾಲು 1960ರ ದಶಕದಿಂದ ಈಚಿನದು.

ಗುರುತು ಎಲ್ಲ ಅಳಿಸಿದ್ದರೂ ಕೈ ಹೇಳುತ್ತದೆ. ಒಳಗೆ ಬೆರಳಾಡಿಸಿ ನೋಡಿ. ಹಳೆಯ ಒಳ್ಳೆ ಬಾಣಲೆಯ ಒಳಮೈಯನ್ನು ಎರಕದ ನಂತರ ಉಜ್ಜಿ ನಯ ಮಾಡುತ್ತಿದ್ದರು. ಕಲ್ಲಿನಲ್ಲಿ ಅರೆದ ಹಿಟ್ಟಿನಷ್ಟು ನುಣುಪು. ಆ ಕೆಲಸಕ್ಕೆ ಕೂಲಿ ಬೇಕು, ಹೊತ್ತು ಬೇಕು. ಯಂತ್ರಗಳು ಬಂದ ಮೇಲೆ ಆ ಹಂತವನ್ನೇ ಕೈಬಿಟ್ಟರು. ಅದಕ್ಕೇ ಹೊಸ ಬಾಣಲೆಯ ಒಳಗೆ ಮರಳಿನ ತರಿ ತರಿ ಹಾಗೇ ಉಳಿದಿರುತ್ತದೆ. ತೂಕವೂ ಬೇರೆ. ಹಳೆಯ ಎಂಟನೇ ನಂಬರು ಎರಡು ಕಿಲೋ ಆಸುಪಾಸು. ಅದೇ ಅಳತೆಯ ಹೊಸದು ಎರಡೂವರೆಗೆ ಹತ್ತಿರ.

ಈ ನುಣುಪು ಗೊತ್ತಿದ್ದರೆ ನಕಲನ್ನೂ ಹಿಡಿಯಬಹುದು. ಬೆಲೆ ಬಾಳುವ ಹಳೆ ಬಾಣಲೆಯನ್ನೇ ಮರಳಿಗೆ ಒತ್ತಿ ಅಚ್ಚು ತೆಗೆದು ನಕಲು ಎರಕ ಹೊಯ್ಯುವವರಿದ್ದಾರೆ. ಆದರೆ ಬೀಡು ತಣ್ಣಗಾಗುವಾಗ ಶೇಕಡಾ 1ರಷ್ಟು ಕುಗ್ಗುತ್ತದೆ. ಹತ್ತೂವರೆ ಇಂಚಿನ ಬಾಣಲೆಯ ನಕಲು ಎರಡೂವರೆ ಮಿಲಿಮೀಟರ್‌ಗಿಂತ ಜಾಸ್ತಿ ಚಿಕ್ಕದಾಗಿರುತ್ತದೆ. ಅಕ್ಷರಗಳ ಅಂಚು ಮೊಂಡು, ಮೈ ಒರಟು, ಎಷ್ಟೋ ಸಲ ಲೋಹ ಉಜ್ಜುವ ಗ್ರೈಂಡರ್ ತಿರುಗಿಸಿದ ಗೆರೆಗಳೂ ಕಾಣುತ್ತವೆ.

ದುಡ್ಡು ಕೊಡುವ ಮುಂಚೆ

ಕೊಳೆಗೆ ಹೆದರಬೇಡಿ. ತುಕ್ಕಿಗೂ ಹೆದರಬೇಡಿ. ಬಿರುಕಿಗೆ ಹೆದರಿ. ಹಿಡಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ತೂಗಿಸಿ, ಗೆಣ್ಣಿನಿಂದ ಗೋಡೆಗೆ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ನಾದ ಎಳೆದರೆ ಗಟ್ಟಿ ಇದೆ. ಒಡೆದ ಮಡಕೆಯ ಹಾಗೆ ದಬ್ ಅಂದರೆ ಎಲ್ಲೋ ಬಿರುಕಿದೆ. ನಮ್ಮಲ್ಲಿ ಸಂತೆಯಲ್ಲಿ ಮಡಕೆ ತಟ್ಟಿ ನೋಡುವುದಿಲ್ಲವೇ, ಅದೇ ಪರೀಕ್ಷೆ. ಆಮೇಲೆ ಸಮತಟ್ಟಾದ ಕಡೆ ಇಟ್ಟು ಹಿಡಿಯನ್ನು ಒತ್ತಿ. ಅಲ್ಲಾಡಿದರೆ, ಬುಗುರಿಯ ಹಾಗೆ ತಿರುಗಿದರೆ, ತಳ ಸೊಟ್ಟಗಾಗಿದೆ. ಗ್ಯಾಸ್ ಒಲೆಗೆ ನಡೆಯುತ್ತದೆ, ಗಾಜಿನ ಮೈಯ ಒಲೆಗೆ ಆಗುವುದಿಲ್ಲ.

ಬಾಣಲೆಯ ಮೈ ಅಲ್ಲಲ್ಲಿ ಕೆಂಪುಗುಲಾಬಿಯಾಗಿ, ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದರೆ ಬಿಟ್ಟುಬಿಡಿ. ಅದು ತುಕ್ಕಲ್ಲ, ಬೆಂಕಿಯ ಪೆಟ್ಟು. ನನ್ನ ಮೊದಲ ಬಾಣಲೆಗೆ ಆದದ್ದು ಇದೇ. ಜಿಡ್ಡು ಸುಟ್ಟುಹೋಗಲಿ ಅಂತ ಹಿತ್ತಲಲ್ಲಿ ದೊಡ್ಡ ಬೆಂಕಿ ಹಾಕಿ ಅದರೊಳಗೆ ಇಟ್ಟೆ. ಜಿಡ್ಡು ಹೋಯಿತು. ಜೊತೆಗೆ ತಳ ಸೊಟ್ಟಗಾಯಿತು, ಮೈ ಕೆಂಪಗಾಯಿತು. ಆಮೇಲೆ ಎಷ್ಟು ಎಣ್ಣೆ ಹಚ್ಚಿದರೂ ಹಿಡಿಯಲಿಲ್ಲ. ಓವನ್‌ಗಳಲ್ಲಿ ತಾನೇ ಸ್ವಚ್ಛ ಮಾಡಿಕೊಳ್ಳುವ ವ್ಯವಸ್ಥೆ ಇರುತ್ತದಲ್ಲ, ಅದನ್ನು ಹಾಕಿದರೆ ಓವನ್ ಕೂಡ 480 ಡಿಗ್ರಿ ಹತ್ತಿರ ಹೋಗುತ್ತದೆ. ಅದರೊಳಗೆ ಇಟ್ಟರೂ ಇದೇ ಅಪಾಯ.

ಇನ್ನೊಂದು ಮಾತು ಗಂಭೀರವಾದದ್ದು. ಸೀಸ 327 ಡಿಗ್ರಿಗೇ ಕರಗುತ್ತದೆ. ಇಲ್ಲಿ ಹಿಂದೆ ಬೇಟೆಯ ಗುಂಡಿಗೆ, ಮೀನಿನ ಗಾಳದ ಭಾರಕ್ಕೆ ಸೀಸವನ್ನು ಮನೆಯಲ್ಲೇ ಹಳೆ ಬಾಣಲೆಯಲ್ಲಿ ಕರಗಿಸುತ್ತಿದ್ದರು. ಒಳಗೆ ಬೂದು ಬಣ್ಣದ ಹೊಳೆಯುವ ಚುಕ್ಕೆ ಕಂಡರೆ, ಇಲ್ಲವೇ ಗುಂಡು ಎರಕ ಹೊಯ್ಯುವ ಸಾಮಾನಿನ ಜೊತೆ ಸಿಕ್ಕಿದರೆ, ಸೀಸ ಪರೀಕ್ಷಿಸುವ ಕಿಟ್ ತಂದು ನೋಡಿ. ಅನುಮಾನ ಉಳಿದರೆ ಅಡುಗೆಗೆ ಬೇಡ. ತೊಳೆದರೆ ಹೋಗುತ್ತದೆ ಅಂತ ನಂಬಬೇಡಿ.

ಜಿಡ್ಡಿಗೆ ಕ್ಷಾರ

ಬಾಣಲೆಯ ಮೇಲಿನ ಕಪ್ಪು ಕಿಟ್ಟ ಅಂದರೆ ದಶಕಗಟ್ಟಲೆ ಸುಟ್ಟ ಎಣ್ಣೆ. ಎಣ್ಣೆಯ ಅಣುಗಳು ಕಾದು, ಗಾಳಿಯ ಆಮ್ಲಜನಕ ಸೇರಿ, ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ತೆಳುವಾಗಿದ್ದರೆ ಅದೇ ಪಳಗಿದ ಪದರ. ದಪ್ಪವಾಗಿ ಮಸಿ ಬೆರೆತರೆ ಕಿಟ್ಟ. ಈ ಹೆಣಿಗೆಯಲ್ಲಿ ಎಣ್ಣೆಯ ಹಳೆ ಗಂಟುಗಳು ಇನ್ನೂ ಇರುತ್ತವೆ. ಕಾಸ್ಟಿಕ್ ಸೋಡಾ ಆ ಗಂಟುಗಳನ್ನು ಕತ್ತರಿಸಿ ಜಿಡ್ಡನ್ನು ಸೋಪು ಮಾಡಿಬಿಡುತ್ತದೆ. ಸೋಪಿನ ಕಾರ್ಖಾನೆಯಲ್ಲಿ ನಡೆಯುವುದೂ ಇದೇ. ಕಾಸ್ಟಿಕ್ ಸೋಡಾ ಕಬ್ಬಿಣವನ್ನು ಮುಟ್ಟುವುದಿಲ್ಲ. ಒಂದು ದಿನ ಬಿಟ್ಟರೂ ಸರಿ, ಒಂದು ವಾರ ಮರೆತರೂ ಸರಿ, ಬಾಣಲೆಗೆ ಏನೂ ಆಗುವುದಿಲ್ಲ. ಗ್ರೈಂಡರ್, ಮರಳನ್ನು ರಭಸವಾಗಿ ಎರಚುವ ಯಂತ್ರ ಹಿಡಿದವರು ಆ ನೂರು ವರ್ಷದ ನುಣುಪನ್ನು ಹತ್ತು ನಿಮಿಷದಲ್ಲಿ ಕಳೆಯುತ್ತಾರೆ. ಕ್ಷಾರ ಅದನ್ನು ಹಾಗೇ ಉಳಿಸುತ್ತದೆ.

ಒಂದೇ ಬಾಣಲೆಯಾದರೆ ಸುಲಭದ ದಾರಿ ಓವನ್ ಕ್ಲೀನರ್. ಡಬ್ಬಿಯ ಮೇಲೆ ಸೋಡಿಯಂ ಹೈಡ್ರಾಕ್ಸೈಡ್ ಅಂತ ಬರೆದಿರಬೇಕು. ಅದೇ ಕಾಸ್ಟಿಕ್ ಸೋಡಾ. ಬಾಣಲೆಗೆ ದಪ್ಪಗೆ ಸಿಂಪಡಿಸಿ, ಕಸದ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟು ಕಟ್ಟಿ, ಒಂದೆರಡು ದಿನ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಚೀಲ ಯಾಕೆ ಅಂದರೆ, ನೊರೆ ಒಣಗಿದರೆ ಕೆಲಸ ನಿಲ್ಲುತ್ತದೆ. ನಾಲ್ಕೈದು ಬಾಣಲೆ ಇದ್ದರೆ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಹತ್ತೊಂಬತ್ತು ಲೀಟರ್ ನೀರಿಗೆ ಸುಮಾರು 450 ಗ್ರಾಂ ಕಾಸ್ಟಿಕ್ ಸೋಡಾ ಹಾಕಿ ಮುಳುಗಿಸುತ್ತಾರೆ. ನೀರಿಗೆ ಸೋಡಾ ಸ್ವಲ್ಪ ಸ್ವಲ್ಪ ಹಾಕಬೇಕು. ಸೋಡಾದ ಮೇಲೆ ನೀರು ಸುರಿಯಲೇಬಾರದು, ಕುದಿದು ಮುಖಕ್ಕೆ ಸಿಡಿಯುತ್ತದೆ. ಉದ್ದ ಕೈಗವಸು, ಕಣ್ಣಿಗೆ ಕನ್ನಡಕ, ಮೈತುಂಬ ಬಟ್ಟೆ. ಇದರಲ್ಲಿ ಯಾವುದನ್ನೂ ಬಿಡುವ ಹಾಗಿಲ್ಲ. ಚರ್ಮಕ್ಕೆ ತಾಗಿದರೆ ತುಂಬ ಹೊತ್ತು ಹರಿಯುವ ನೀರು ಬಿಡಿ. ಕಣ್ಣಿಗೆ ಬಿದ್ದರೆ ನೀರು ಬಿಡುತ್ತಲೇ ಡಾಕ್ಟರ ಹತ್ತಿರ ಹೋಗಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಇದರ ಹತ್ತಿರ ತರಬೇಡಿ. ಕ್ಷಾರ ಅದನ್ನು ಕರಗಿಸುತ್ತಾ ಹೈಡ್ರೋಜನ್ ಬಿಡುತ್ತದೆ.

ಚರ್ಚಿನ ಅಂಗಳದ ಬಾಣಲೆಯನ್ನು ನಾನು ಚೀಲದಲ್ಲಿ ಇಟ್ಟೆ. ಎರಡನೇ ದಿನ ತೆಗೆದು ಸ್ಟೀಲ್ ಸ್ಕ್ರಬ್ಬರ್‌ನಿಂದ ಉಜ್ಜಿದಾಗ ಕಂದು ಬಣ್ಣದ ಲೋಳೆ ಇಳಿಯಿತು. ಹೊರಗೋಡೆಯ ಕಿಟ್ಟ ಅರ್ಧವೂ ಹೋಗಿರಲಿಲ್ಲ. ಮತ್ತೆ ಸಿಂಪಡಿಸಿ ಮತ್ತೆ ಚೀಲ. ಮೂರನೇ ಸುತ್ತಿನಲ್ಲಿ ತಳದಿಂದ ಒಂದು ಚಕ್ಕೆ ಹಲಸಿನ ಮರದ ತೊಗಟೆಯ ಹಾಗೆ ಎದ್ದು ಬಂತು. ಅದರ ಕೆಳಗೆ ಬೂದು ಬಣ್ಣದ ಕಬ್ಬಿಣ. ಹಳೆ ಹಲ್ಲುಜ್ಜುವ ಬ್ರಷ್ ತಂದು ತಿಕ್ಕಿದೆ. ಮೊದಲು ಕಂಡದ್ದು ಎರಡು ಅಡ್ಡಗೆರೆ, ನಡುವೆ ದುಂಡಗಿನ ಓ. ಆಮೇಲೆ ಅದರ ಮೇಲೆ ಸಿಡ್ನಿ. ಆಮೇಲೆ ವ್ಯಾಗ್ನರ್ ವೇರ್. ಕೆಳಗಡೆ 1058 ಅನ್ನುವ ಕ್ಯಾಟಲಾಗ್ ಸಂಖ್ಯೆ, ಎಂಟನೇ ನಂಬರಿನ ಸ್ಕಿಲೆಟ್‌ಗೆ ವ್ಯಾಗ್ನರ್‌ನವರು ಕೊಟ್ಟದ್ದು. ತಳದಲ್ಲಿ ಬಳೆ ಇರಲಿಲ್ಲ, ನುಣ್ಣಗಿತ್ತು. ಅಂದರೆ ಸೌದೆ ಒಲೆಯ ಕಾಲ ಮುಗಿಯುತ್ತಾ ಬಂದ ಮೇಲೆ, 1930ರ ದಶಕದ ನಡುವಿನಿಂದ 1950ರ ದಶಕದ ಕೊನೆಯೊಳಗೆ ಹುಟ್ಟಿದ್ದು. ನಾನಿರುವ ರಾಜ್ಯದಲ್ಲೇ ಎರಕವಾಗಿ, ಯಾರದೋ ಮನೆಯ ಬೆಳಗಿನ ತಿಂಡಿ ಮಾಡುತ್ತಾ ಬಂದ ಬಾಣಲೆ. ಸಿಂಕಿನ ಮುಂದೆ ಅದನ್ನು ಹಿಡಿದು ತುಂಬ ಹೊತ್ತು ನಿಂತಿದ್ದೆ.

ತುಕ್ಕಿಗೆ ಹುಳಿ, ಇಲ್ಲವೇ ಕರೆಂಟು

ಕ್ಷಾರದಿಂದ ಜಿಡ್ಡು ಹೋಗುತ್ತದೆ, ತುಕ್ಕು ಹೋಗುವುದಿಲ್ಲ. ಇದನ್ನು ತಿಳಿಯದೆ ಜನ ತಿಂಗಳುಗಟ್ಟಲೆ ಓವನ್ ಕ್ಲೀನರ್ ಹೊಡೆಯುತ್ತಾರೆ. ತುಕ್ಕಿಗೆ ಹುಳಿ ಬೇಕು. ಬಿಳಿ ವಿನಿಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ ಬಾಣಲೆ ಮುಳುಗಿಸಿ. ಅರ್ಧ ಗಂಟೆಗೆ ತೆಗೆದು ಉಜ್ಜಿ ನೋಡಿ. ಬೇಕಿದ್ದರೆ ಇನ್ನೊಂದು ಅರ್ಧ ಗಂಟೆ. ಕ್ಷಾರದ ಹಾಗೆ ಇದನ್ನು ಮರೆಯುವ ಹಾಗಿಲ್ಲ. ತುಕ್ಕು ಮುಗಿದ ಮೇಲೆ ವಿನಿಗರ್ ಕಬ್ಬಿಣವನ್ನೇ ತಿನ್ನಲು ಶುರುಮಾಡುತ್ತದೆ. ರಾತ್ರಿ ನೆನೆಸಿ ಬೆಳಿಗ್ಗೆ ತೆಗೆದರೆ ಒಳಮೈ ಸಿಡುಬು ಬಂದ ಮುಖದಂತಾಗಿರುತ್ತದೆ. ಜಿಡ್ಡು ಪೂರ್ತಿ ತೆಗೆದು ಚೆನ್ನಾಗಿ ತೊಳೆದ ಮೇಲೆಯೇ ಹುಳಿ. ಜಿಡ್ಡಿನ ಕೆಳಗಿರುವ ತುಕ್ಕಿಗೆ ಹುಳಿ ತಲುಪುವುದೇ ಇಲ್ಲ.

ತುಕ್ಕು ಆಳವಾಗಿದ್ದರೆ ಕರೆಂಟಿನ ದಾರಿ ಇದೆ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು, ನಾಲ್ಕು ಲೀಟರ್‌ಗೆ ಒಂದು ದೊಡ್ಡ ಚಮಚದಷ್ಟು ವಾಷಿಂಗ್ ಸೋಡಾ. ಕಾರಿನ ಬ್ಯಾಟರಿಗೆ ಬಳಸುವ 12 ವೋಲ್ಟ್ ಚಾರ್ಜರ್. ಕಪ್ಪು ತಂತಿ ಕಪ್ಪು ಬಾಣಲೆಗೆ, ಕೆಂಪು ತಂತಿ ಬೇಡದ ಕಬ್ಬಿಣದ ತಗಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ತಂತಿ ಅದಲುಬದಲಾದರೆ ಬಾಣಲೆಯೇ ಸವೆದುಹೋಗುತ್ತದೆ. ತಗಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಲೇಬಾರದು. ಅದರಿಂದ ವಿಷದ ಕ್ರೋಮಿಯಂ ನೀರಿಗೆ ಬರುತ್ತದೆ. ಹೈಡ್ರೋಜನ್ ಗುಳ್ಳೆ ಏಳುವುದರಿಂದ ಬಯಲಲ್ಲಿ ಮಾಡಬೇಕು, ಹತ್ತಿರ ಬೆಂಕಿ ಇರಬಾರದು. ಬಾಣಲೆ ಮುಟ್ಟುವ ಮುಂಚೆ ಚಾರ್ಜರ್ ಆರಿಸಬೇಕು. ಒಂದೇ ಬಾಣಲೆಗೆ ಇಷ್ಟೆಲ್ಲ ಬೇಡ. ನನ್ನದಕ್ಕೆ ವಿನಿಗರ್ ಎರಡು ಸಲ ಸಾಕಾಯಿತು.

ಈಗ ಬಾಣಲೆ ಬೆತ್ತಲೆಯಾಗಿದೆ. ಬೂದು ಬಣ್ಣ. ಈ ಸ್ಥಿತಿಯಲ್ಲಿ ಹತ್ತು ನಿಮಿಷ ಒದ್ದೆ ಬಿಟ್ಟರೆ ಕಣ್ಣೆದುರೇ ಕಿತ್ತಳೆ ಪುಡಿ ಹುಟ್ಟುತ್ತದೆ. ಸೋಪಿನಲ್ಲಿ ತೊಳೆದು, ಕೂಡಲೇ ಒರೆಸಿ, ಸಣ್ಣ ಉರಿಯ ಮೇಲಿಟ್ಟು ಒಣಗಿಸಿ.

ಪಳಗಿಸುವುದು

ಕನ್ನಡದಲ್ಲಿ ಇದಕ್ಕೆ ಎಷ್ಟು ಚೆಂದದ ಮಾತಿದೆ ನೋಡಿ. ಎತ್ತು ಪಳಗುತ್ತದೆ, ಆನೆ ಪಳಗುತ್ತದೆ, ಕಾವಲಿಯೂ ಪಳಗುತ್ತದೆ. ಊರಲ್ಲಿ ಹೊಸ ಕಾವಲಿಯನ್ನು ಅಕ್ಕಿ ತೊಳೆದ ನೀರಲ್ಲೋ ಗಂಜಿಯಲ್ಲೋ ದಿನಗಟ್ಟಲೆ ನೆನೆಸಿ, ಎಣ್ಣೆ ಹಚ್ಚಿ ಈರುಳ್ಳಿ ಹುರಿದು, ಮೊದಲ ಹತ್ತಾರು ದೋಸೆ ಕಿತ್ತುಬಂದರೂ ಬಿಡದೆ ಪಳಗಿಸುತ್ತಾರೆ. ಆಗುವ ಕೆಲಸ ಒಂದೇ. ಎಣ್ಣೆ ಕಾದು ಹೆಣೆದುಕೊಂಡು ತೆಳು ಪದರವಾಗುತ್ತದೆ.

ಓವನ್ ಇದ್ದರೆ ಇದು ಒಂದು ಮಧ್ಯಾಹ್ನದ ಕೆಲಸ. ಬಾಣಲೆಯನ್ನು ನೀರು ಕುದಿಯುವಷ್ಟು ಬಿಸಿಗೆ ಹತ್ತಿರ ತಂದು, ಒಳಗೂ ಹೊರಗೂ ಹಿಡಿಗೂ ಎಣ್ಣೆ ಸವರಿ. ಆಮೇಲೆ ಒಣ ಬಟ್ಟೆ ತೆಗೆದುಕೊಂಡು, ಎಣ್ಣೆ ತಪ್ಪಿ ಬಿದ್ದಿದೆ ಅನ್ನುವ ಹಾಗೆ ಪೂರ್ತಿ ಒರೆಸಿಬಿಡಿ. ಒರೆಸಿದ ಮೇಲೂ ಕಣ್ಣಿಗೆ ಕಾಣದಷ್ಟು ಉಳಿದಿರುತ್ತದೆ. ಬೇಕಾದದ್ದು ಅಷ್ಟೇ. ಬೋರಲಾಗಿಟ್ಟು 230ರಿಂದ 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಬಿಡಿ, ಒಳಗೇ ತಣ್ಣಗಾಗಲಿ. ಹೀಗೆ ಮೂರು ನಾಲ್ಕು ಸಲ. ಮೊದಲ ಸಲ ಕಂದು, ಆಮೇಲೆ ಕಡುಕಂದು, ಕೊನೆಗೆ ಕಪ್ಪು. ಹೊಗೆ ಬರುತ್ತದೆ, ಕಿಟಕಿ ತೆಗೆದಿಡಿ. ಓವನ್ ಇಲ್ಲದಿದ್ದರೆ ಒಲೆಯ ಮೇಲೇ ಸಣ್ಣ ಉರಿಯಲ್ಲಿ, ಹೊಗೆ ಏಳುವವರೆಗೆ ಕಾಯಿಸಿ ಆರಿಸಿ, ಮತ್ತೆ ಮತ್ತೆ ಮಾಡಬಹುದು. ಅಂಚು ತಳದಷ್ಟು ಕಪ್ಪಾಗುವುದಿಲ್ಲ, ತೊಂದರೆಯಿಲ್ಲ. ಬಾಣಲೆ ಅಂಟಂಟಾದರೆ ಎಣ್ಣೆ ಜಾಸ್ತಿಯಾಗಿದೆ ಅಂತ ಅರ್ಥ. ಇನ್ನೊಂದು ಗಂಟೆ ಕಾಯಿಸಿ ನೋಡಿ.

ಯಾವ ಎಣ್ಣೆ? ಹೆಣೆದುಕೊಳ್ಳುವುದು ಅಪರ್ಯಾಪ್ತ ಕೊಬ್ಬು. ಸೂರ್ಯಕಾಂತಿ, ಕನೋಲಾ, ಸೋಯಾ, ದ್ರಾಕ್ಷಿ ಬೀಜದ ಎಣ್ಣೆ ಇದಕ್ಕೆ ಒಳ್ಳೆಯವು. ತೆಂಗಿನೆಣ್ಣೆಯಲ್ಲಿ ಶೇಕಡಾ 90ರಷ್ಟು ಪರ್ಯಾಪ್ತ ಕೊಬ್ಬು. ಕರಾವಳಿಯವರಿಗೆ ಬೇಜಾರಾಗಬಹುದು, ಆದರೆ ಪಳಗಿಸಲು ಅದು ಸರಿಯಾಗಿ ಒದಗುವುದಿಲ್ಲ. ಪಳಗಿದ ಮೇಲೆ ನೀರುದೋಸೆಗೆ ಧಾರಾಳವಾಗಿ ಹಚ್ಚಿ. ಅಗಸೆ ಎಣ್ಣೆ ಮೊದಲ ದಿನ ಕನ್ನಡಿಯ ಹಾಗೆ ಹೊಳೆಯುತ್ತದೆ. ಕೆಲವು ವಾರಕ್ಕೆ ಚಕ್ಕೆ ಏಳುತ್ತದೆ. ನಾನು ಹಚ್ಚುವುದಿಲ್ಲ.

ಬೀಡಿಗೆ ಸೋಪು ತಾಗಿಸಬಾರದು ಅನ್ನುವ ಮಾತು ಹಳೆ ಕಾಲದ್ದು. ಆಗಿನ ಸೋಪಿನಲ್ಲಿ ಕ್ಷಾರ ಉಳಿದಿರುತ್ತಿತ್ತು, ಪದರ ಕಳಚುತ್ತಿತ್ತು. ಈಗಿನ ಪಾತ್ರೆ ತೊಳೆಯುವ ಸೋಪಿನಿಂದ ಏನೂ ಆಗುವುದಿಲ್ಲ. ನೆನೆಸಿಡಬೇಡಿ, ತೊಳೆದು ಒರೆಸಿಡಿ. ಹುಣಸೆಹುಳಿ, ಟೊಮೆಟೊ ಹಾಕಿದ ಗೊಜ್ಜನ್ನು ಮಾತ್ರ ಇದರಲ್ಲಿ ಕುದಿಸಬೇಡಿ. ಹುಳಿ ಪದರವನ್ನು ಸಡಿಲ ಮಾಡುತ್ತದೆ, ಗೊಜ್ಜಿಗೂ ಕಬ್ಬಿಣದ ಒಗರು ಬರುತ್ತದೆ.

ಹುಡುಕುವವರಿಗೆ ಇನ್ನೊಂದು ವಿಷಯ. ಸ್ಕಿಲೆಟ್‌ನ ಗೋಡೆ ದೋಸೆ ಮಗುಚಲು ಅಡ್ಡ ಬರುತ್ತದೆ. ದೋಸೆಗೆ ಬೇಕಾದದ್ದು ಇಲ್ಲಿನವರು ಗ್ರಿಡಲ್ ಅನ್ನುವ ದುಂಡು ಚಪ್ಪಟೆ ಹಂಚು. ಗ್ರಿಸ್‌ವೋಲ್ಡ್, ವ್ಯಾಗ್ನರ್ ಇಬ್ಬರೂ ಮಾಡುತ್ತಿದ್ದರು. ಪಡ್ಡು ಮಾಡುವವರಂತೂ ಗ್ರಿಸ್‌ವೋಲ್ಡ್‌ನ 32ನೇ ನಂಬರು ಹುಡುಕಬೇಕು. ಡೆನ್ಮಾರ್ಕಿನವರು ಹಬ್ಬಕ್ಕೆ ಮಾಡುವ ಎಬೆಲ್‌ಸ್ಕಿವರ್ ಅನ್ನುವ ಸಿಹಿ ಉಂಡೆಗಾಗಿ ಮಾಡಿದ ಪಾತ್ರೆ ಅದು. ಏಳು ದುಂಡು ಕುಳಿ. ನೋಡಿದರೆ ನಮ್ಮ ಗುಳಿಯಪ್ಪದ ಕಾವಲಿಗೂ ಇದಕ್ಕೂ ಏನೂ ವ್ಯತ್ಯಾಸ ಕಾಣುವುದಿಲ್ಲ.

ನನ್ನ ವ್ಯಾಗ್ನರ್‌ನಲ್ಲಿ ಆಗುವುದು ಅಕ್ಕಿರೊಟ್ಟಿ. ನಮ್ಮ ಮೈಸೂರು ಕಡೆ ತಣ್ಣನೆ ಬಾಣಲೆಗೇ ಎಣ್ಣೆ ಸವರಿ, ಹಿಟ್ಟನ್ನು ಅದರಲ್ಲೇ ತಟ್ಟಿ, ಆಮೇಲೆ ಒಲೆಗಿಡುತ್ತೇವಲ್ಲ, ಅದಕ್ಕೆ ಹತ್ತೂವರೆ ಇಂಚಿನ ಈ ಬಾಣಲೆ ಹೇಳಿ ಮಾಡಿಸಿದ ಹಾಗಿದೆ. ನಡುವೆ ಬೆರಳಲ್ಲಿ ತೂತು ಮಾಡಿ ಎಣ್ಣೆ ಬಿಟ್ಟು ಮುಚ್ಚಳ ಮುಚ್ಚಿದರೆ, ತಳ ಒಂದೇ ಸಮ ಕೆಂಪಗಾಗಿ ತಾನೇ ಬಿಟ್ಟುಕೊಂಡು ಬರುತ್ತದೆ. ತೊಂದರೆ ಎರಡನೇ ರೊಟ್ಟಿಯದು. ಬೀಡು ತಣ್ಣಗಾಗುವುದು ನಿಧಾನ. ಅಮ್ಮ ಮಾಡುತ್ತಿದ್ದ ಹಾಗೆ ಬಾಣಲೆಯನ್ನು ಬೋರಲು ಹಿಡಿದು ಬೆನ್ನಿಗೆ ತಣ್ಣೀರು ಬಿಡುವಂತಿಲ್ಲ, ಬಿರುಕು ಬಿಟ್ಟೀತು. ಒಂದು ಆರುವ ಹೊತ್ತಿಗೆ ಇನ್ನೊಂದರಲ್ಲಿ ತಟ್ಟಬೇಕು. ಹಾಗಾಗಿ ಈ ಬೇಸಿಗೆಯಲ್ಲಿ ಮತ್ತೆ ಚರ್ಚಿನ ಅಂಗಳಕ್ಕೆ ಹೋಗುತ್ತಿದ್ದೇನೆ, ಇನ್ನೊಂದು ಎಂಟನೇ ನಂಬರು ಸಿಗುತ್ತದೇನೋ ನೋಡಲು.